ಟ್ರಬಲ್ ಬೇರೆ, ಪ್ರಾಬ್ಲಂ ಬೇರೆ

‘ಟ್ರಬಲ್, ಪ್ರಾಬ್ಲಂ ಎರಡೂ ಒಂದೇ, ಯಾವುದು ಬಳಸಿದರೂ ನಡೆಯುತ್ತದೆ’ ಎಂದು ಇಂಗ್ಲಿಷ್ ಪದಗಳ ಬಗೆಗಿನ ಲೇಖನವೊಂದರಲ್ಲಿ ಲೇಖಕರು ಬರೆದಿದ್ದಾರೆ. ನಡೆಯುವುದಿಲ್ಲ ಸಾರ್. ಪ್ರಾಬ್ಲಂ ಅನ್ನು ಒಂದು, ಎರಡು ಅಂತ ಎಣಿಸಬಹುದು. ‘ಟೂ ಟ್ರಬಲ್ಸ್’ ಅಂದರೆ ವಿಚಿತ್ರವಾಗಿ ಕೇಳುತ್ತದೆ. ಹುಡುಗ ‘ಇನ್ ಟ್ರಬಲ್’ ಅಂದರೆ ಸಿಕ್ಕಿಬಿದ್ದಿದ್ದಾನೆ, ಬೈಗುಳ ಕಾದಿದೆ ಅಂತ. ಅಲ್ಲಿ ‘ಇನ್ ಪ್ರಾಬ್ಲಂ’ ಸರಿಯಲ್ಲ (ನಮ್ಮ ಆಫೀಸುಗಳಲ್ಲಿ ಧಾರಾಳವಾಗಿ ಓಡುತ್ತದೆ, ಆ ಮಾತು ಬೇರೆ). ‘ಟೇಕ್ ದ ಟ್ರಬಲ್’ ಅಂದರಂತೂ ಶ್ರಮ ತೆಗೆದುಕೊಳ್ಳುವುದು.

ಬಹುವಚನದ ಮಾತೇ ಲೇಖನದಲ್ಲಿಲ್ಲ. ಉತ್ತರ ಐರ್ಲೆಂಡಿನಲ್ಲಿ 1960ರ ದಶಕದ ಕೊನೆಯಿಂದ 1998ರ ಗುಡ್ ಫ್ರೈಡೇ ಶಾಂತಿ ಒಪ್ಪಂದದವರೆಗೆ ನಡೆದ ಹಿಂಸೆಯ ಹೆಸರೇ ‘ದ ಟ್ರಬಲ್ಸ್’. ಸುಮಾರು 3,500 ಜನ ಸತ್ತರು. ಅದನ್ನು ‘ದ ಪ್ರಾಬ್ಲಮ್ಸ್’ ಅನ್ನೋಕಾಗುತ್ತಾ?