ಟೋಕನ್ ನಂಬರ್ 47

ಬೆಳಗ್ಗೆ 6.10ಕ್ಕೆ ದೆಹಲಿ ಫ್ಲೈಟ್. ಜಯನಗರದಿಂದ ದೇವನಹಳ್ಳಿ ಮುಟ್ಟಬೇಕಲ್ಲ, 3 ಗಂಟೆಗೇ ಎದ್ದು ಹೊರಟೆ. ಸೆಕ್ಯುರಿಟಿ ಮುಗಿಸಿ ಬೆಲ್ಟ್ ಹಾಕಿಕೊಳ್ಳುವಷ್ಟರಲ್ಲಿ ಹೊಟ್ಟೆ ಚುರುಗುಟ್ಟುತ್ತಿತ್ತು.

ಎರಡು ಇಡ್ಲಿ, ಒಂದು ವಡೆ, 290 ರೂಪಾಯಿ! ನಮ್ಮ ಬೀದಿಯ ದರ್ಶಿನಿಯಲ್ಲಿ ಇಷ್ಟು ದುಡ್ಡಿಗೆ ನಾಲ್ಕು ಜನ ತಿಂದು, ಬೈಟು ಕಾಫಿನೂ ಕುಡಿದು ಬರಬಹುದು. ಹೋಗಲಿ ಅಂದರೆ, ಕೌಂಟರಿನಲ್ಲಿ ಆರ್ಡರ್ ತೆಗೆದುಕೊಳ್ಳಲ್ಲವಂತೆ. 'ಸ್ಕ್ರೀನ್‌ನಲ್ಲೇ ಮಾಡಿ ಸರ್.' ಆ ಸ್ಕ್ರೀನ್ ಮೊದಲು ಕೇಳಿದ್ದು ನನ್ನ ಮೊಬೈಲ್ ನಂಬರ್. ಇಡ್ಲಿ ತಿನ್ನೋದಕ್ಕೆ ನಂಬರ್ ಯಾಕ್ರೀ?

ನನ್ನ ಟೋಕನ್ 47. ಬೋರ್ಡಿನಲ್ಲಿ 31. ದರ್ಶಿನಿಯಲ್ಲಾದರೆ ಚೀಟಿ ಕೊಡುವುದರೊಳಗೆ ತಟ್ಟೆ ಮುಂದಿರುತ್ತದೆ. ಇಲ್ಲಿ ಇಡ್ಲಿ ಮೈಕ್ರೋವೇವ್‌ನಲ್ಲಿ ಪ್ರದಕ್ಷಿಣೆ ಹಾಕುತ್ತಿತ್ತು. ಫ್ಲೈಟಿಗೆ 25 ನಿಮಿಷ ಇರುವಾಗಲೇ ಗೇಟ್ ಮುಚ್ಚುತ್ತಾರೆ ಬೇರೆ. ನನ್ನ ನಂಬರ್ ಬಂದಾಗ ಗಂಟೆ 5.38.

ಓಡಿದೆ. ಸಾಂಬಾರ್ ಡಬ್ಬಿಯ ಮುಚ್ಚಳ ಸರಿಯಾಗಿ ಕೂತಿರಲಿಲ್ಲ. ಮೀಟಿಂಗಿಗೆ ಅಂತ ಇಸ್ತ್ರಿ ಮಾಡಿಸಿದ ಬಿಳಿ ಶರ್ಟ್, ಎರಡನೇ ಗುಂಡಿಯಿಂದ ಕೆಳಗೆ ಹಳದಿ.

ಸೀಟಿನಲ್ಲಿ ಕೂತು ಪೊಟ್ಟಣ ಬಿಚ್ಚಿದರೆ ವಡೆ ತಣ್ಣಗಿತ್ತು. ಚಟ್ನಿ ಹಾಕೋದನ್ನೇ ಮರೆತಿದ್ದರು.