ಸಿಲಿಂಡರ್ ಹೆಡ್ಡನ್ನು ಕಾಸ್ಟಿಕ್ ಸೋಡಾದಲ್ಲಿ ನೆನೆಹಾಕಬೇಡಿ: ಸ್ಪಷ್ಟನೆ

‘ಇಂಜಿನ್ ಬಿಚ್ಚಿದಾಗ ಹೆಡ್ಡನ್ನು ವಾಲ್ವ್ ಸಮೇತ ಕಾಸ್ಟಿಕ್ ಸೋಡಾ ನೀರಲ್ಲಿ ರಾತ್ರಿಯಿಡೀ ನೆನೆಹಾಕಿ, ಕಾರ್ಬನ್ ತಾನಾಗೇ ಬಿಡುತ್ತದೆ’ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು. ಹೆಡ್ ಎಂದರೆ ಇಂಜಿನ್ನಿನ ಸಿಲಿಂಡರ್‌ಗಳನ್ನು ಮೇಲಿಂದ ಮುಚ್ಚುವ ಭಾಗ. ಗಾಳಿ ಒಳಬಿಡುವ, ಹೊಗೆ ಹೊರಬಿಡುವ ವಾಲ್ವ್‌ಗಳು ಅದರಲ್ಲಿರುತ್ತವೆ. ಕಾರ್ಬನ್ ಎಂದರೆ ಅಲ್ಲಿ ಅಂಟಿಕೊಳ್ಳುವ ಮಸಿ.

ಈಗಿನ ಕಾರುಗಳಲ್ಲಿ ಹೆಡ್ ಹೆಚ್ಚಾಗಿ ಅಲ್ಯೂಮಿನಿಯಂನದು. ಕಾಸ್ಟಿಕ್ ಸೋಡಾ ಅಲ್ಯೂಮಿನಿಯಂ ಅನ್ನೇ ತಿನ್ನುತ್ತದೆ. ಅದ್ದಿದ ಮೇಲೆ ಬುಸಬುಸನೆ ಗುಳ್ಳೆ ಏಳುತ್ತವಲ್ಲ, ಅದು ಕಾರ್ಬನ್ ಬಿಡುತ್ತಿರುವುದಲ್ಲ. ಲೋಹ ಕರಗಿ ಹೈಡ್ರೋಜನ್ ಬರುತ್ತಿರುವುದು. ಕಿಡಿ ತಾಗಿದರೆ ಆ ಅನಿಲ ಹೊತ್ತಿಕೊಳ್ಳುತ್ತದೆ. ಗ್ಯಾಸ್ಕೆಟ್ (ಸೋರದಂತೆ ಹೆಡ್ಡಿನ ಕೆಳಗೆ ಇಡುವ ಪದರ) ಕೂರುವ ಜಾಗದಲ್ಲಿ ಕುಳಿ ಬಿದ್ದರೆ ಒಳ್ಳೆಯ ಹೆಡ್ ಸುಮ್ನೆ ಹಾಳಾಗುತ್ತದೆ. ಹಳೆಯ ಎರಕದ ಕಬ್ಬಿಣದ ಹೆಡ್‌ಗೆ ಈ ಪದ್ಧತಿ ಇತ್ತು, ಮಾತು ಅಲ್ಲಿಂದ ಬಂದಿರಬೇಕು.

ಸರಿಯಾದ ದಾರಿ ಇಷ್ಟು. ರಟ್ಟಿನಲ್ಲಿ ತೂತು ಮಾಡಿ, ನಂಬರ್ ಬರೆದು, ಬಿಚ್ಚಿದ ವಾಲ್ವ್‌ಗಳನ್ನು ಅದೇ ಕ್ರಮದಲ್ಲಿ ಸಿಕ್ಕಿಸಿಡಿ. ಯಾವ ವಾಲ್ವ್ ಎಲ್ಲಿತ್ತೋ ಅಲ್ಲಿಗೇ ಹೋಗಬೇಕು. ವಾಲ್ವ್‌ಗಳನ್ನು ಕಾರ್ಬ್ಯುರೇಟರ್ ಕ್ಲೀನರ್‌ನಲ್ಲಿ ನೆನೆಸಿ, ಮೆತ್ತಗಾದ ಕಾರ್ಬನ್ ಅನ್ನು ಹಿತ್ತಾಳೆ ಬ್ರಷ್‌ನಿಂದ ಉಜ್ಜಿ. ಸೀಟಿಗೆ (ಹೆಡ್ಡಿನಲ್ಲಿ ವಾಲ್ವ್ ಕೂರುವ ಜಾಗಕ್ಕೆ) ತಾಗುವ ವಾಲ್ವಿನ ಓರೆ ಅಂಚಿಗೂ ಅದರ ಕಡ್ಡಿಗೂ ಎಮರಿ ಪೇಪರ್ ತಾಗಿಸಬೇಡಿ. ಅಂಚಿನಲ್ಲಿ ಗೀರು ಬಿದ್ದರೆ ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ) ಸೋರುತ್ತದೆ. ಗ್ರೈಂಡಿಂಗ್ ಪೇಸ್ಟ್ (ತರಿತರಿಯಾದ ಉಜ್ಜುವ ಲೇಪ) ಹಚ್ಚಿ ವಾಲ್ವನ್ನು ಸೀಟಿಗೆ ಉಜ್ಜಿ ಕೂರಿಸಿದ್ದರೆ ಒಂದು ಕಣವೂ ಉಳಿಯದಂತೆ ತೊಳೆಯಿರಿ. ವಾಲ್ವ್‌ಗಳನ್ನು ಹೆಡ್ಡಿಗೆ ಜೋಡಿಸಿದ ಮೇಲೆ ಪೋರ್ಟಿಗೆ (ಹೆಡ್ಡಿನಲ್ಲಿ ಗಾಳಿ, ಹೊಗೆ ಹಾದುಹೋಗುವ ದಾರಿಗೆ) ಸ್ವಲ್ಪ ಸೀಮೆಎಣ್ಣೆ ಸುರಿದು ನೋಡಿ. ವಾಲ್ವ್ ಸುತ್ತ ಒದ್ದೆಯಾಗದಿದ್ದರೆ ಸರಿಯಾಗಿ ಕೂತಿದೆ ಎಂದರ್ಥ.

ಆ ಸಂದೇಶ ನಿಮಗೂ ಬಂದಿದ್ದರೆ ದಯವಿಟ್ಟು ಮುಂದೆ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ, ಅದೇ ಗುಂಪಿಗೆ ಇದನ್ನೂ ಹಾಕಿ.