ಒಂದ ಸ್ಟೀಲ್ ಡಬ್ಬಿ ಸಲುವಾಗಿ

ಸಿಟ್ಟಿಲೆ ಬರಿಯಾಕತ್ತೇನಿ. ಮಾತ ಎರಡ ಹೆಚ್ಚಾದ್ರ ಹೊಟ್ಟ್ಯಾಗ ಹಾಕ್ಕೋರಿ.

ನನ್ನ ಮಗಳು ಬಾಗಲಕೋಟಿ ನವನಗರದಾಗ ಒಂದ ಖಾಸಗಿ ಸಾಲ್ಯಾಗ ಮೂರನೇತ್ತಾ. ಸಾಲಿ ಹೆಸರ ಬ್ಯಾಡ. ಆಚೆ ವಾರದ ಶುಕ್ರವಾರ ರಾತ್ರಿ ಅಂಗಿ ಬಿಚ್ಚಿ ನೋಡತೇನಿ, ಬೆನ್ನಿನ ಮ್ಯಾಲೆ ನಾಕ ಗುಳ್ಳಿ. ಗುಂಗಾಡಿ ಕಡದಿರಬೇಕ ಅಂದ್ಕೊಂಡೆ. ಬೆಳಗಾಗೂದ್ರಾಗ ಹೊಟ್ಟಿ, ಕುತ್ತಿಗಿ, ಕೂದಲದ ಬುಡಕ ಸುದ್ದಾ ಎದ್ದಾವ, ಒಂದೊಂದರ ತುದಿಗೆ ನೀರಿನ ಹನಿ ಕುಂತಂಗ. ನಮ್ಮತ್ತಿ ಒಮ್ಮೆ ನೋಡಿದ್ರು, "ಅಮ್ಮ ಬಂದಾಳ" ಅಂದು ಸೀದಾ ಬೇವಿನ ತಪ್ಪಲಾ ತರಾಕ ಹೋದ್ರು. ಡಾಕ್ಟರ್ "ಚಿಕನ್ ಪಾಕ್ಸ್" ಅಂದ್ರು. ಇಬ್ಬರೂ ಹೇಳಿದ್ದ ಒಂದ ಮಾತ: ಸಾಲಿ ಬಿಡಸ್ರಿ.

ಮಗಳು ಅಳಾಕ ಕುಂತ್ಲು. ತುರಿಕಿಗಲ್ಲ. "ಅವ್ವಾ, ನನ್ನ ಡಬ್ಬಿ ಹೋತು."

ಈ ಡಬ್ಬಿ ಕಥಿ ಕೇಳ್ರಿ. ವರ್ಷಪೂರ್ತಿ ಒಂದ ದಿನಾನೂ ಬಿಡದಂಗ ಸಾಲಿಗೆ ಬಂದ ಮಕ್ಕಳಿಗೆ ರಿಸಲ್ಟ್ ದಿನ ಹೆಸರ ಕೆತ್ತಿಸಿದ ಸ್ಟೀಲ್ ಡಬ್ಬಿ ಕೊಡತಾರ. ಫೋಟೋ ತಗದು ಗ್ರೂಪಿಗೆ ಹಾಕತಾರ. ಎಂಟ ವರ್ಷದ ಕೂಸಿಗೆ ಜ್ವರ ಬಂದ್ರ ಅದೇನ್ ಅದರ ತಪ್ಪೇನ್ರಿ? ಜ್ವರ ಬರದ ಇದ್ದಿದ್ದಕ್ಕ ಬಹುಮಾನ ಕೊಡೂದಂದ್ರ, ಬಂದಾಗ ಮುಚ್ಚಿಟ್ಕೊಂಡು ಬಾ ಅಂತ ಕಲಿಸಿದಂಗ.

ಇನ್ನ ಡೈರಿ ಹಿಂದಿನ ಪುಟದಾಗ ನಿಯಮ ಅದಾವ. ಅಂಟುರೋಗ ಇದ್ದ ಮಕ್ಕಳನ್ನ ಕಳಿಸಬಾರದು ಅಂತ ಒಂದ ಸಾಲು. ಯಾವ ರೋಗ, ಎಷ್ಟ ದಿನ, ಏನಿಲ್ಲ. ಅದರ ಕೆಳಗ ದಪ್ಪಕ್ಷರದಾಗ: ಮೂರು ದಿನಕ್ಕಿಂತ ಹೆಚ್ಚು ಗೈರಾದರೆ ವೈದ್ಯರ ಸರ್ಟಿಫಿಕೇಟ್ ಕಡ್ಡಾಯ. ಅದರ ಕೆಳಗ: ಪರೀಕ್ಷೆಗೆ ಗೈರಾದವರಿಗೆ ಮರುಪರೀಕ್ಷೆ ಇಲ್ಲ.

ಈ ಮೂರೂ ಸಾಲು ಕೂಡಿಸಿ ಓದ್ರಿ. ಹೆತ್ತವರು ಏನ್ ಮಾಡತಾರ? ಮೂರ ದಿನ ಬಿಡಸತಾರ, ನಾಕನೇ ದಿನ ಕಳಸತಾರ. ಹಂಗ ಆತು.

ಮಗಳಿಗೆ ಗುಳ್ಳಿ ಏಳೂಕಿಂತ ಎರಡ ವಾರ ಮೊದಲ ಆಕಿ ಬಾಜೂದ ಹುಡುಗಿ ಮೂರ ದಿನ ಬಂದಿರಲಿಲ್ಲ. ನಾಕನೇ ದಿನ ಘಟಕ ಪರೀಕ್ಷಾ ಅಂತ ಬಂದೈತಿ. ನನ್ನ ಮಗಳು ಈಗ ಹೇಳತಾಳ, "ಆಕಿ ಮುಖಕ್ಕೆಲ್ಲಾ ಪೌಡರ್ ಬಡಕೊಂಡು ಬಂದಿದ್ಳವ್ವಾ, ಪೌಡರಿನ ಒಳಗ ಹಸಿ ಗುಳ್ಳಿ ಇದ್ವು." ಇಬ್ಬರೂ ಒಂದ ಬೆಂಚು, ಒಂದ ಸ್ಕೇಲು, ಒಂದ ನೀರಿನ ಬಾಟಲಿ. ಇದು ಅಂಟಿದ ಮ್ಯಾಲೆ ಹತ್ತರಿಂದ ಇಪ್ಪತ್ತೊಂದ ದಿನದಾಗ ಏಳತೈತಿ, ಹೆಚ್ಚಾಗಿ ಎರಡ ವಾರಕ್ಕ. ಲೆಕ್ಕ ಸರಿಯಾಗಿ ಕುಂತಿತು. ಎಲ್ಲಾ ಗುಳ್ಳಿ ಒಣಗಿ ಹಕ್ಕಳಿ ಕಟ್ಟೂತನಾ ಅಂಟತೈತ್ರಿ. ಅದಕ್ಕ ಐದರಿಂದ ಏಳ ದಿನ ಬೇಕು. ಮೂರ ದಿನದ ನಿಯಮ ಯಾವ ಪುಣ್ಯಾತ್ಮ ಬರದಾನೋ.

ಗೇಟಿನ ಮುಂದ ಆ ಹುಡುಗಿ ಅವ್ವನ್ನ ಹಿಡದು ಜಗಳಾ ತಗದೆ, ಸುಳ್ಳ ಯಾಕ ಹೇಳಲಿ. ಆಕಿ ತಣ್ಣಗ ಅಂದ್ಳು, "ಅಕ್ಕಾರ, ಪರೀಕ್ಷಾ ತಪ್ಪಿದ್ರ ಸೊನ್ನಿ ಅಂದ್ರು. ಸರ್ಟಿಫಿಕೇಟಿಗೆ ದವಾಖಾನಿಗೆ ಹೋಗಬೇಕಂದ್ರ ನನ್ನ ಒಂದಿನದ ಪಗಾರ ಹೋಗತೈತಿ. ನಾ ಏನ್ ಮಾಡ್ಲಿ ಹೇಳ್ರಿ." ನನ್ನ ಬಾಯಿ ಕಟ್ಟಿತು. ಯಾಕಂದ್ರ ನಾನೂ ಏನ್ ಸಾಚಾ ಅಲ್ಲ. ಸೊಸೈಟ್ಯಾಗ ಕೌಂಟರ್ ಕೆಲಸ ನಂದು, ಮಾರ್ಚ್ ಬಂತಂದ್ರ ರಜಾ ಕೇಳಾಕ ಬಾಯಿ ಬರೂದಿಲ್ಲ. ಮಗಳಿಗೆ ಮೈ ಬಿಸಿ ಇದ್ದಾಗ ಪ್ಯಾರಾಸಿಟಮಾಲ್ ಸಿರಪ್ ಕುಡಿಸಿ ಕಳಿಸೇನಿ, ಎರಡ ಸಲ. ಔಷಧದ ಜೋರು ಇಳಿಯೂದ್ರಾಗ ಸಾಲ್ಯಾಗ ಇರತಾಳ, ಅಲ್ಲೆ ಮತ್ತ ಜ್ವರ ಏರತೈತಿ. ಔಷಧ ಇಲ್ಲದ ಒಂದ ಪೂರಾ ದಿನ ಜ್ವರ ಬರದ ಇದ್ರ ಅಷ್ಟ ಕಳಿಸಬೇಕು ಅಂತ ಡಾಕ್ಟರ್ ಆವಾಗ ಬೈದಿದ್ರು. ಅದಕ್ಕ ಆಕಿ ಮ್ಯಾಲಿನ ಸಿಟ್ಟು ಗೇಟಿನ್ಯಾಗ ಇಳೀತು. ಸಾಲಿ ಮ್ಯಾಲಿಂದು ಇಳಿದಿಲ್ಲ.

ಹೆಡ್ ಮೇಡಂಗೆ ಹೇಳಿದೆ: ಗ್ರೂಪಿನ್ಯಾಗ ಒಂದ ಮೆಸೇಜ್ ಹಾಕ್ರಿ, ಹೆಸರ ಬ್ಯಾಡ, ಮೂರನೇತ್ತಾದಾಗ ಚಿಕನ್ ಪಾಕ್ಸ್ ಐತಿ ಅಂತಷ್ಟ ಹಾಕ್ರಿ. "ಪಾಲಕರು ಗಾಬರಿ ಆಗತಾರ್ರಿ" ಅಂದ್ರು. ಆ ಗ್ರೂಪಿನ್ಯಾಗ ನಾವು ಬರಿಯಾಕ ಬರೂದಿಲ್ಲ, ಅಡ್ಮಿನ್ ಅಷ್ಟ. ಅವತ್ತ ಸಂಜಿಕೆ ಅಡ್ಮಿನ್ ಹಾಕಿದ್ದು ಏನ್ ಗೊತ್ತೇನ್ರಿ? ಬಿಳಿ ಬೂಟಿಗೆ ಪಾಲಿಶ್ ಹಚ್ಚಿ ಕಳಸ್ರಿ ಅಂತ.

ಇದೇ ಗ್ರೂಪಿನ್ಯಾಗ ಸರ್ಕಾರದ ಸುತ್ತೋಲೆ ಪಿಡಿಎಫ್ ಇನ್ನೂ ಬಿದ್ದೈತಿ. 2025ರ ಮೇ ಕೊನಿಗೆ, ಕೋವಿಡ್ ಮತ್ತ ತಲಿ ಎತ್ತಿದಾಗ ಬಂದಿದ್ದು. ಜ್ವರ, ಕೆಮ್ಮು, ನೆಗಡಿ ಇದ್ದ ಮಕ್ಕಳನ್ನ ಕಳಿಸಬ್ಯಾಡ್ರಿ, ಪೂರ್ತಿ ಆರಾಮಾದ ಮ್ಯಾಲೆ ಕಳಸ್ರಿ, ಹಂಗೂ ಬಂದ್ರ ಪಾಲಕರಿಗೆ ತಿಳಿಸಿ ಮನಿಗೆ ಕಳಸ್ರಿ. ಚಂದ ಬರದಾರ. ಫಾರ್ವರ್ಡ್ ಮಾಡಿದ್ದಕ್ಕ ಪಾಲನಾ ಆದಂಗ ಆತು ಅಂತ ತಿಳಕೊಂಡಾರ ಇವರು.

ಹಾಜರಿ ಬೀಳತೈತಿ ಅಂತ ಒಬ್ಬ ಸರ್ ಅಂಜಿಸಿದ್ರು. 75 ಪರ್ಸೆಂಟ್ ಬೇಕಾಗೂದು ಎಸ್ಸೆಸ್ಸೆಲ್ಸಿ ಪರೀಕ್ಷಾಕ್ಕ ಕುಂದ್ರಾಕ್ರಿ ಸರ್, ಮೂರನೇತ್ತಾದ ಮಗ್ಗಿ ಹೇಳಾಕಲ್ಲ. ಬೇಕಂದ್ರೂ, ಶಿಕ್ಷಣ ಹಕ್ಕಿನ (ಆರ್‌ಟಿಇ) ಕಾಯ್ದೆ ಪ್ರಕಾರ ಐದನೇತ್ತಾದ ತನಕ ವರ್ಷಕ್ಕ ಕಡಿಮಿ ಅಂದ್ರ 200 ದಿನ ಸಾಲಿ ನಡೀಬೇಕು. ಅದರಾಗ ಕಾಲುಭಾಗ 50 ದಿನ. ನಾ ಕೇಳಿದ್ದು ಒಂದ ವಾರ.

ಲಸಿಕಾ ಯಾಕ ಹಾಕಿಸಲಿಲ್ಲ ಅಂತ ಕೇಳಬ್ಯಾಡ್ರಿ. ಸರ್ಕಾರಿ ಕಾರ್ಡಿನ್ಯಾಗ ದಡಾರ-ರುಬೆಲ್ಲಾ ಐತಿ, ಇದಿಲ್ಲ. ಖಾಸಗಿ ದವಾಖಾನ್ಯಾಗ ರೊಕ್ಕ ಕೊಟ್ಟ ಹಾಕಿಸಬೇಕು. ಮುಂದಿನ ವರ್ಷ ನೋಡೂಣು ಅಂತ ಮುಂದ ದೂಡಿದ್ವಿ.

ನಮ್ಮತ್ತಿನ್ನ ನಾ ಇಷ್ಟ ದಿನ ಹಳೇ ಕಾಲದಾಕಿ ಅಂತಿದ್ದೆ. ಅವರು ಏನ್ ಮಾಡಿದ್ರು ನೋಡ್ರಿ. ಬಾಗಲಿಗೆ ಬೇವಿನ ಟೊಂಗಿ ಸಿಗಿಸಿದ್ರು. ಮನ್ಯಾಗ ವಗ್ಗರಣಿ ಬಂದ್. ಕೂಸಿಗೆ ಬ್ಯಾರೆ ಚಾಪಿ, ಬ್ಯಾರೆ ತಾಟು. ಹಕ್ಕಳಿ ಕಟ್ಟಿದ ಮ್ಯಾಲೆ ಬೇವಿನ ನೀರಿಲೆ ಜಳಕಾ, ಮೊಸರನ್ನದ ಎಡಿ, ಅಲ್ಲಿತನಾ ಹೊಚ್ಚಲಾ ದಾಟೂ ಹಂಗಿಲ್ಲ. ಟೊಂಗಿ ನೋಡಿ ಹಾಲಿನವ ಹೊರಗ ಪಾತ್ರಿ ಇಡಿಸಿ ಹಾಕಿ ಹೋದ. ಬಾಜೂ ಮನಿಯಾಕಿ ತನ್ನ ಕೂಸನ್ನ ಒಳಗ ಕರಕೊಂಡ್ಳು. ಯಾರೂ ಗಾಬರಿ ಆಗಲಿಲ್ಲ. ಒಂದ ಬೇವಿನ ಟೊಂಗಿ ಓಣಿಗೆ ಹೇಳಿದ್ದನ್ನ ಇಂಗ್ಲಿಷ್ ಮೀಡಿಯಂ ಸಾಲಿ 46 ಮನಿಗೆ ಹೇಳಲಿಲ್ಲ.

ಸೋಮವಾರ ಹಕ್ಕಳಿ ಪೂರಾ ಒಣಗಿದ ಮ್ಯಾಲೆ ಸರ್ಟಿಫಿಕೇಟ್ ತಗೊಂಡು ಕರಕೊಂಡ ಹೋದ್ರ, ಶಿಕ್ಕಾ ಸರಿ ಕಾಣವಲ್ದು ಅಂತ ಆಫೀಸಿನ ಮುಂದ ಅರ್ಧ ತಾಸ ನಿಂದ್ರಿಸಿದ್ರು. ಆರಾಮಾದ ಹುಡುಗಿನ್ನ. ಹಸಿ ಗುಳ್ಳಿ ಇದ್ದಾಕಿನ್ನ ಒಂದ ಮಾತ ಕೇಳದ ಒಳಗ ಬಿಟ್ಟಿದ್ರು. ಮಗಳ ವರ್ಗದಾಗ ಅವತ್ತ ಒಂಬತ್ತ ಜಾಗಾ ಖಾಲಿ.

ನನ್ನ ಹೊಟ್ಟಿ ಉರಿಯೂದು ಇಷ್ಟಕ್ಕ ಅಲ್ಲ. ನನ್ನ ನಾದಿನಿ ಕುಬಸಾ ಮುಗಿಸಿಕೊಂಡು ಚೊಚ್ಚಲ ಬಾಣಂತನಕ್ಕ ತವರಿಗೆ ಬಂದಿದ್ಳು, ಏಳ ತಿಂಗಳು. ಮಗಳು ಆಕಿ ಮಗ್ಗಲದಾಗ ಮಲಗತಿದ್ಳು. ಗುಳ್ಳಿ ಏಳೂಕಿಂತ ಒಂದೆರಡ ದಿನ ಮೊದಲಾನ ಇದು ಅಂಟಾಕ ಸುರು ಆಗತೈತಿ, ಬಸರಿ ಹೆಣಮಕ್ಕಳಿಗೆ ಇದು ಭಾಳ ತ್ರಾಸಿಂದು. ಸಣ್ಣಾಕಿ ಇದ್ದಾಗ ಆಗಿತ್ತೇನು ಅಂತ ಅತ್ತಿನ್ನ ಕೇಳಿದ್ರ, "ಆಗಿತ್ತೋ, ಇಲ್ಲಾ ಅದು ಗೊಬ್ಬರ (ದಡಾರ) ಇತ್ತೋ" ಅಂತ ಸೆರಗ ಬಾಯಿಗೆ ಹಿಡಕೊಂಡ್ರು. ಶನಿವಾರ ಮಧ್ಯಾಹ್ನನ ಆಕಿನ್ನ ಗುಳೇದಗುಡ್ಡಕ್ಕ ದೊಡ್ಡವ್ವನ ಮನಿಗೆ ಕಳಿಸಿದ್ವಿ. ರಕ್ತ ತಪಾಸಣಿಗೆ ಹೋಗೈತಿ, ರಿಪೋರ್ಟ್ ಬಂದಿಲ್ಲ. ಆ ಬಾಜೂದ ಹುಡುಗಿಗೆ ಆದಾಗನ ಸಾಲಿ ಒಂದ ಮೆಸೇಜ್ ಹಾಕಿದ್ರ ನಾದಿನಿನ್ನ ಆವಾಗ ಕಳಸತಿದ್ವಿ.

ಕ್ಯಾಲೆಂಡರಿನ್ಯಾಗ ಆ ಶನಿವಾರದಿಂದ 21 ದಿನ ಎಣಿಸಿ ಗುರುತ ಹಾಕೇನಿ. ದಿನಾ ಮುಂಜಾನೆ ಚಾ ಕುಡಿಯೂಕಿಂತ ಮೊದಲ ಆಕಿ ಫೋನ್ ಬರತೈತಿ, ಹಿಂದ ಮಗ್ಗದ ಸಪ್ಪಳ. "ವೈನಿ, ಇವತ್ತೂ ಏನಿಲ್ಲ." ಇವತ್ತ ಗುರುವಾರ. ಹನ್ನೆರಡ ದಿನ ಆತು.